ಗೂಡು ಅಲ್ಲಾಡಿಸಿ ಕೇಳುವವರು

ನಮ್ಮ ಮಾವ ಗಂಗಹನುಮಯ್ಯನವರು ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಮೊದಲು ಅದನ್ನು ಎಡಗಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಬೆಂಕಿಪೊಟ್ಟಣ, ಕೋಳಿಮೊಟ್ಟೆ, ಮಾತ್ರೆಯ ಡಬ್ಬಿ. ಒಮ್ಮೆ ನಾನು ಕೊಟ್ಟ ಕಾಫಿ ಲೋಟವನ್ನೂ ಹಾಗೆಯೇ ಎತ್ತಿ ಹೆಗಲ ಮೇಲೆ ಚೆಲ್ಲಿಕೊಂಡಿದ್ದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಆಯುಷ್ಯ ಸವೆಸಿದ ಜೀವ ಅದು. ರೇಷ್ಮೆಗೂಡನ್ನು ಕಿವಿಗೆ ಹಿಡಿದು ಅಲುಗಿಸಿದಾಗ ಒಳಗಿನ ಹುಳು ಲೊಟಕ್ ಎಂದರೆ ಜೀವವಿದೆ, ಕೊಳ್ಳಬಹುದು. ಸದ್ದಿಲ್ಲದಿದ್ದರೆ ಒಳಗೇ ಸತ್ತು ಅಂಟಿಕೊಂಡಿದೆ, ಬೇಡ. ಜೀವವಿದೆಯೆಂದು ಖಚಿತಪಡಿಸಿಕೊಂಡು ತಂದದ್ದನ್ನೇ ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುವುದು ಅವರ ಕಸುಬಾಗಿತ್ತು. “ಬದುಕಿರೋದನ್ನೇ ಆರಿಸ್ಬೇಕು ಕಣವ್ವ, ಸತ್ತಿರೋದು ಎಳೆ ಬುಡಾಕಿಲ್ಲ,” ಎಂದು ಅವರು ತೀರ ಸಹಜವಾಗಿ ಹೇಳಿದ ದಿನ, ಬಸುರಿಯಾಗಿದ್ದ ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು.

ಗಿಡ್ಡ ದೇಹ, ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಅದರಲ್ಲಿ ಎಷ್ಟು ಒಗೆದರೂ ಹೋಗದ ಬೆಂದ ಗೂಡಿನ ವಾಸನೆ. ನಡೆಯುವಾಗ ಯಾರೋ ಹಿಂದಿನಿಂದ ಕರೆದಂತೆ ಥಟ್ಟನೆ ನಿಂತು, ತಲೆ ಓರೆ ಮಾಡಿ ಆಲಿಸಿ, ಏನೂ ಆಗಲಿಲ್ಲವೆಂಬಂತೆ ಮತ್ತೆ ಹೆಜ್ಜೆ ಹಾಕುತ್ತಾರೆ. ಅತ್ತೆ ಚಿಕ್ಕಲಕ್ಷ್ಮಮ್ಮನವರು ತೀರಿಕೊಂಡ ವರ್ಷ ನೂಲು ತೆಗೆಯುವ ಶೆಡ್ಡನ್ನು ಮುಚ್ಚಿ, ಒಲೆಗಳನ್ನು ಕೀಳಿಸಿ, ಆ ಖಾಲಿ ಜಾಗದಲ್ಲಿ ತಮ್ಮ ಹಳೆಯ ಫಿಯಟ್ ಕಾರನ್ನು ತಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ಅವರ ಕಿವಿ ಅದರ ಪಾಲಾಯಿತು.

ಆ ಕಾರು ನನಗೂ ಬೇಕಿತ್ತು. ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು. ನಿದ್ದೆಯಲ್ಲಿ ಅವಳ ಉಸಿರು ನಡುವೆ ನಿಲ್ಲುವುದುಂಟು. “ಬೆಳೀತಾ ಸರಿಹೋಗುತ್ತೆ, ನಿಂತಾಗ ಅಂಗಾಲು ತಟ್ಟಿ,” ಎಂದಿದ್ದರು ಕನಕಪುರದ ಮಕ್ಕಳ ಡಾಕ್ಟರು. ಗಂಡನಿಗೆ ಬಿಡದಿಯ ಕಾರ್ಖಾನೆಯ ಶಿಫ್ಟು; ವಾರಕ್ಕೊಮ್ಮೆ ಮಗುವನ್ನು ತೋರಿಸಿಕೊಂಡು ಬರಲು ಮಾವನ ಫಿಯಟ್ಟೇ ಗತಿ.

ಅದರ ಕ್ಯಾಮ್ ಶಾಫ್ಟ್ ಸವೆದು ಹೋಗಿದೆ ಎಂದು ಮೆಕಾನಿಕ್ ಸಮದ್ ಅವರು ಹೇಳಿದ್ದು ಆಗಲೇ. ಮಾವನ ಹಳೆಯ ಸ್ನೇಹಿತರು ಅವರು. ಶೆಡ್ಡಿನ ನೆಲದ ಮೇಲೆ ಗೋಣಿ ಹಾಸಿ, ಉದ್ದಕ್ಕೂ ಮೊಟ್ಟೆಯಾಕಾರದ ಉಬ್ಬುಗಳಿದ್ದ ಎರಡು ಬದಲಿ ಉಕ್ಕಿನ ದಂಡಗಳನ್ನು ಇಟ್ಟರು.

“ಇಂಜಿನ್ನು ಯಾವಾಗ ಬಾಯ್ ತೆಗೀಬೇಕು, ಎಷ್ಟ್ ಹೊತ್ತು ತೆಗೆದಿರ್ಬೇಕು ಅಂತ ಹೇಳೋದೇ ಈ ಉಬ್ಬು. ಇದು ಮೆತ್ತಗಿಂದು. ಹಳೇದಕ್ಕಿಂತ ಒಸಿ ಪಿಕಪ್ ಜಾಸ್ತಿ, ಊರೊಳ್ಗೆ ತಕರಾರ್ ಮಾಡಾಕಿಲ್ಲ. ಇನ್ನೊಂದು ರೇಸಿಂದು. ಬಾಯಿ ಜಾಸ್ತಿ ಹೊತ್ತು ತೆಗೆದಿರ್ತದೆ. ಓಡ್ಸಿದ್ರೆ ಕುದ್ರೆ, ನಿಲ್ಸಿದ್ರೆ ದಮ್ಮಿನ ರೋಗಿ. ನಿಂಗ್ಯಾವ್ ರೇಸ್ ಐತಪ್ಪ ಈ ವಯಸ್ನಾಗೆ?”

ಮಾವ ಎರಡನ್ನೂ ಒಂದಾದ ಮೇಲೊಂದು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು.

“ಕಬ್ಬಿಣ ಏನಂತದಪ್ಪಾ?” ಎಂದರು ಸಮದ್.

“ನಿನ್ನಂಗೆ ಬಾಯಿಬಡುಕ ಅಲ್ಲ ಕಣ್ಲಾ ಅದು. ಹಾಕು, ಕೇಳವ.”

ಮೊದಲು ಮೆತ್ತಗಿನದನ್ನು ಹಾಕಿದರು. ಇಂಜಿನ್ನು ನುಣ್ಣಗೆ, ಒಂದೇ ಸಮನೆ ತಿರುಗಿತು. ಕಂಕುಳಲ್ಲಿದ್ದ ಮಗು ಕಣ್ಣು ಮುಚ್ಚಿತು, ನನಗೆ ಸಮಾಧಾನವಾಯಿತು. ಮಾವ ಮಾತ್ರ ಬಾನೆಟ್ಟಿಗೆ ಕಿವಿಯಿಟ್ಟು ಬಹಳ ಹೊತ್ತು ಬಗ್ಗಿದ್ದು, ಮುಖ ಸಣ್ಣದು ಮಾಡಿಕೊಂಡು ಎದ್ದರು. “ಸದ್ದೇ ಇಲ್ವಲ್ಲೋ ಸಮದು. ಇದು ಒಳಗೇ ಸತ್ತೋಗೈತೆ.”

ಸಮದ್ ನಕ್ಕರು, ರೇಗಿದರು, ಕೊನೆಗೆ ಸೋತು ಎರಡನೆಯದನ್ನು ಹಾಕಿಕೊಟ್ಟರು.

ಆ ಸದ್ದನ್ನು ಬರೆಯುವುದು ಕಷ್ಟ. ದಡ್, ದಡ್, ದಡ್. ಆಮೇಲೆ ಒಂದು ಬಿಡುವು. ಪಕ್ಕದ ಕೋಣೆಯಲ್ಲಿ ಯಾರೋ ನಡೆಯುತ್ತಿದ್ದವರು ನಿಂತು ನಮ್ಮ ಕಡೆಗೇ ಕಿವಿ ಕೊಟ್ಟಂಥ ಬಿಡುವು. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ದಡ್. ಪಕ್ಕದ ಮನೆಯ ಖುರ್ಷಿದಾ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ, “ಏನಕ್ಕ, ನಿಮ್ ಶೆಡ್ನಾಗೆ ಯಾರನ್ನ ಮಲಗಿಸಿದೀರ?” ಎಂದು ಕೇಳಿದಳು. ನಾನು ನಕ್ಕು ಒಳಗೆ ಬಂದೆ.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಇಂಜಿನ್ನು ನಡೆಯುತ್ತಿತ್ತು, ಚಾಲಕನ ಸೀಟಿನಲ್ಲಿ ಯಾರೂ ಇರಲಿಲ್ಲ. ಮಾವ ಹಿಂದಿನ ಸೀಟಿನಲ್ಲಿ, ಎರಡೂ ಕೈಗಳನ್ನು ಮುಂದಿನ ಸೀಟಿನ ಬೆನ್ನಿಗೆ ಊರಿ, ಹಾಸಿಗೆ ಹಿಡಿದವರ ತಲೆದೆಸೆಯಲ್ಲಿ ಕೂತವರಂತೆ ಮುಂದಕ್ಕೆ ಬಾಗಿ ಕುಳಿತಿದ್ದರು. ಆಗ ಆ ಸದ್ದು ಯಾರದೆಂದು ನನಗೆ ತಿಳಿಯಿತು. ನಾನಿನ್ನೂ ಹೊಸ ಸೊಸೆಯಾಗಿದ್ದಾಗ, ಅತ್ತೆಯ ಕಡೆಯ ದಿನಗಳಲ್ಲಿ ಹೀಗೆಯೇ ಮೂರು ಉಸಿರು, ಒಂದು ಬಿಡುವು. ಬಿಡುವಿನಲ್ಲಿ ನಾವೆಲ್ಲ ನಮ್ಮ ಉಸಿರನ್ನೂ ಹಿಡಿದು ಕಾಯುತ್ತಿದ್ದೆವು.

“ನಿಂತೋಯ್ತು ಅನ್ನಿಸ್ತದೆ,” ಎಂದರು ಮಾವ, ನನ್ನ ಕಡೆ ತಿರುಗದೆ. “ನಿಲ್ಲಾಕಿಲ್ಲ ನೋಡವ್ವ ಇದು.”

ಊಟ ಆರುತ್ತಿದೆ ಎಂದಷ್ಟೇ ಹೇಳಿದೆ.

ಆ ವಾರ ಕನಕಪುರದ ದಾರಿಯಲ್ಲಿ, ಎರಡು ಬಂಡೆಗಳ ನಡುವಿನ ತಿರುವಿನಲ್ಲಿ, ಕಲ್ಲು ಹೇರಿದ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ನಿಂತೆವು. ಇಂಜಿನ್ನಿನ ಸದ್ದು ಬಂಡೆಗಳಿಗೆ ಬಡಿದು ನಾಲ್ಕೂ ಕಡೆಯಿಂದ ಬರತೊಡಗಿತು. ಮಗು ನನ್ನ ಮಡಿಲಲ್ಲಿ ಮಲಗಿತ್ತು. ದಡ್, ದಡ್, ದಡ್, ಬಿಡುವು. ಅವಳ ಎದೆಯೂ ಆ ಲಯಕ್ಕೆ ಏರಿಳಿಯುತ್ತಿದೆ ಎನಿಸಿ ದೃಷ್ಟಿ ಕೀಳದೆ ನೋಡಿದೆ. ಬಿಡುವು ಬಂತು, ಎದೆ ನಿಂತಿತು. ಇಂಜಿನ್ನು ಮತ್ತೆ ದಡ್ ಎಂದಿತು. ಎದೆ ಏಳಲಿಲ್ಲ.

ಅಂಗಾಲು ತಟ್ಟಿದೆ. ಮತ್ತೆ ತಟ್ಟಿದೆ. “ಆಫ್ ಮಾಡಿ ಮಾವ, ನಂಗೆ ಕೇಳಿಸ್ತಿಲ್ಲ,” ಎಂದೆ.

ಮಾವ ಕೀ ತಿರುಗಿಸಿದರು. ಆ ಮೌನದಲ್ಲಿ ಹಿಂದಿನ ಸೀಟಿನತ್ತ ಬಾಗಿ, ತಮ್ಮ ಎಡಗಿವಿಯನ್ನು ಮಗುವಿನ ಬಾಯಿಯ ಹತ್ತಿರ ತಂದರು. ಲಾರಿಯವರ ಕೂಗಾಟ ಎಲ್ಲೋ ದೂರದಲ್ಲಿ. ನಾನು ಇನ್ನೊಮ್ಮೆ ಜೋರಾಗಿ ತಟ್ಟಿದೆ. ಮಗು ಸಣ್ಣಗೆ ಬಿಕ್ಕಿತು, ಉಸಿರೆಳೆಯಿತು, ಮುಖ ಕಿವುಚಿ ಅತ್ತಿತು. ಆ ಅಳುವನ್ನು ಮಾವ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

ಡಾಕ್ಟರಿಗೆ ತೋರಿಸಿಕೊಂಡು ಬಂದವರು ನೇರ ಸಮದ್ ಅವರ ಗ್ಯಾರೇಜಿಗೆ ಹೋದರು. “ಇದ್ನ ತಗುದ್ಬುಡು. ಆ ಸತ್ತಿರೋದ್ನೇ ಹಾಕು,” ಎಂದರು. “ಕಾರ್ನಾಗೆ ಕೂಸ್ ಉಸಿರು ಕೇಳ್ಬೇಕು ಕಣ್ಲಾ.” ಬಾಯಿಬಡುಕ ಸಮದ್ ಅಂದು ತಮಾಷೆ ಮಾಡದೆ ಬಾನೆಟ್ಟು ಎತ್ತಿದರು.

ಈಗ ಫಿಯಟ್ಟು ಸದ್ದಿಲ್ಲದೆ ಕನಕಪುರಕ್ಕೆ ಹೋಗಿಬರುತ್ತದೆ. ರೇಸಿನ ದಂಡ ಅತ್ತೆಯ ಪೆಟ್ಟಿಗೆಯಲ್ಲಿ, ಅವರ ನೂಲಿನ ಸೀರೆಯೊಳಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದೆ. ಮಾವ ಅದನ್ನು ಆಗಾಗ ಎತ್ತಿ ಕಿವಿಗೆ ಹಿಡಿಯುತ್ತಾರೆ. ಪೆಟ್ಟಿಗೆಯ ಹೊದಿಕೆಗಳನ್ನು ಬಿಸಿಲಿಗೆ ಹಾಕಿದ ದಿನ ನಾನೂ ಹಿಡಿದು ನೋಡಿದೆ. ಉಕ್ಕು, ಬರೀ ಉಕ್ಕು. ಆದರೂ ಕೆಳಗಿಡಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಇನ್ನೇನು ಶುರುವಾಗುತ್ತದೆ ಎಂದು ನನ್ನ ಕಿವಿ ನಂಬಿಬಿಟ್ಟಿತ್ತು.

ಸಾವಿನ ಪಕ್ಕದಲ್ಲಿ ಬಹಳ ಕಾಲ ಕೂತವರು ಇಂಥವರೇ ಆಗುತ್ತಾರೇನೋ. ನೆಮ್ಮದಿಯ ನಿಶ್ಶಬ್ದ ಅವರಿಗೆ ಅನುಮಾನ. ತಡವರಿಸುವುದೇ ಜೀವದ ಗುರುತು. ಅವರ ಜೊತೆ ಬಾಳುವುದು ಭಯದ ಕೆಲಸ, ಏಕೆಂದರೆ ನಮಗೆ ಕೇಳದ ಕಡೆಗೇ ಅವರು ಕಿವಿಗೊಟ್ಟಿರುತ್ತಾರೆ. ಆದರೆ ತೊಟ್ಟಿಲಿನ ಪಕ್ಕ ಕಾವಲಿಗೆ ಒಬ್ಬರನ್ನು ಕೂರಿಸಿ ನಾನು ಒಲೆಯ ಮುಂದೆ ಹೋಗಬೇಕಾದಾಗ, ಗಟ್ಟಿ ಎದೆಯವರು ಯಾರೂ ನನಗೆ ಬೇಡ. ಹೋದ ಉಸಿರೊಂದನ್ನು ಇನ್ನೂ ಕಾಯುತ್ತಿರುವ ಇಂಥವರೇ ಬೇಕು.