ತಟ್ಟೆಯಲ್ಲಿ ಬಂದ ವಚನ

ಮುಂಬೈಯ ವಡಾಲದಲ್ಲಿ ಗದಗ-ಬೆಟಗೇರಿ ಕಡೆಯ ಕ್ರೈಸ್ತರ ಕನ್ನಡ ಸಭೆಯೊಂದಿದೆ. ಹೊಸ ವರ್ಷದ ಬೆಳಿಗ್ಗೆ ಅಲ್ಲಿ ವಾಗ್ದಾನದ ತಟ್ಟೆ ಬರುತ್ತದೆ. ಕಣ್ಣು ಮುಚ್ಚಿ ಒಂದು ಚೀಟಿ ಎತ್ತಬೇಕು. ಅದರಲ್ಲಿರುವ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಎರಡನೇ ಸಲ ಎತ್ತುವಂತಿಲ್ಲ. ದೇವರೇನು ಲಾಟರಿ ಅಂಗಡಿ ಇಟ್ಟಿಲ್ಲ ಎನ್ನುವ ಹಿರಿಯರೂ ತಟ್ಟೆ ಎದುರಿಗೆ ಬಂದಾಗ ನಾಲ್ಕು ಚೀಟಿ ಸವರಿ ನೋಡಿಯೇ ಒಂದನ್ನು ಎತ್ತುತ್ತಾರೆ.

ಈ ಸಲ ಚೀಟಿ ತಯಾರಿಸಿದವನು ಯುವಕರ ಸಂಘದ ಅನಿಲಕುಮಾರ. ಮುಂಬೈಯಲ್ಲೇ ಹುಟ್ಟಿ ಬೆಳೆದ ಅವನಿಗೆ ಕನ್ನಡ ಓದುವುದೆಂದರೆ ಕಬ್ಬಿಣದ ಕಡಲೆ. ಸತ್ಯವೇದದ ದಪ್ಪಕ್ಷರದ ತಲೆಬರಹಗಳನ್ನಷ್ಟೇ ಓದಿ, ಚೆನ್ನಾಗಿದೆ ಎನಿಸಿದ ಕಡೆ ಮೊದಲ ವಚನದ ಫೋಟೊ ತೆಗೆದು ಪ್ರಿಂಟ್ ಹಾಕಿಸಿದ್ದ. ರೋಗಿಯಾದ ಅರಸನ ಆಯುಷ್ಯ ಹೆಚ್ಚಿದ್ದು ಎಂಬ ತಲೆಬರಹ ಅವನಿಗೆ ಬಹಳ ಹಿಡಿಸಿತ್ತು.

ಆ ತಲೆಬರಹದ ಕೆಳಗಿನ ವಚನದ ಚೀಟಿಯೇ ದೇವಕ್ಕನ ಕೈಗೆ ಬಂತು. ಅವಳು ಎತ್ತಿದ್ದು ಗಂಡ ಶಾಂತಪ್ಪನ ಹೆಸರಿನಲ್ಲಿ. ಅವನು ಆಸ್ಪತ್ರೆಯಲ್ಲಿದ್ದ, ಮರುದಿನ ಹೃದಯದ ಆಪರೇಷನ್. ಮನೆಯ ಏರ್ಪಾಡು ಮಾಡಿಕೋ, ನೀನು ಬದುಕುವುದಿಲ್ಲ ಎಂದಿತ್ತು ಚೀಟಿಯಲ್ಲಿ; ಅವಳು ಅದನ್ನು ಗಟ್ಟಿಯಾಗಿ ಓದಿಬಿಟ್ಟಿದ್ದಳು.

“ಸಾರಿ ಆಂಟಿ, ದೂಸ್ರಾ ತಗೋರಿ ನಾ,” ಎಂದ ಅನಿಲಕುಮಾರ, ಮುಖ ಹುಳ್ಳಗೆ ಮಾಡಿಕೊಂಡು.

ಸಭಾಪಾಲಕರು ಹತ್ತಿರ ಬಂದರು. “ಮುಂದ ಏನೈತಿ ನೆನಪ ಮಾಡ್ಕೋರಿ, ದೇವಕ್ಕಾರ. ಆ ಅರಸ ಗ್ವಾಡಿ ಕಡೆ ಮಾರಿ ತಿರುವಿ ಅತ್ತ, ಪ್ರಾರ್ಥನಾ ಮಾಡಿದ. ದೇವರು ಹದಿನೈದು ವರ್ಷ ಕೂಡಿಸಿ ಕೊಟ್ಟ.”

“ಚೀಟ್ಯಾಗ ಅದಿಲ್ಲಲ್ರಿ,” ಎಂದಳು ದೇವಕ್ಕ. ಅವಳಿಗೆ ಭಯವಾಗಿತ್ತು. ಆದರೂ ಎರಡನೆಯದನ್ನು ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಶಾಂತಪ್ಪ ಮೊದಲು ಕೇಳಿದ್ದೇ, “ಯಾವ ವಚನ ಬಂತು?”

ಲೋಕಲ್ ರೈಲಿನಲ್ಲಿ ಬರುವಾಗಲೇ ಅವಳು ಒಂದು ಸುಳ್ಳು ಜೋಡಿಸಿಕೊಂಡಿದ್ದಳು. “ಛಲೋದ ಬಂದೈತ್ರಿ. ದೇವರು ನನ್ನ ಕುರುಬ ಅನ್ನೋದು.”

“ತೋರ್ಸು.”

ಇಷ್ಟು ವರ್ಷ ಜೊತೆಗೆ ಬಾಳಿದವನ ಮುಂದೆ ಸುಳ್ಳು ಎಷ್ಟು ಹೊತ್ತು ನಿಂತೀತು? ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಳು.

ಶಾಂತಪ್ಪ ಓದಿದ. ಚೀಟಿಯನ್ನು ದಿಂಬಿನ ಕೆಳಗಿಟ್ಟ. ಸಲೈನ್ ಹಾಕಿದ ಕೈಯನ್ನು ಜೋಪಾನ ಮಾಡುತ್ತ ಗೋಡೆಯ ಕಡೆ ಹೊರಳಿದ. ಮುಗಿಯಿತು, ಮನುಷ್ಯ ಎದೆಗುಂದಿದ ಎಂದುಕೊಂಡಳು ದೇವಕ್ಕ. ಆಗ ಅವನ ಪಿಸುಮಾತು ಕೇಳಿಸಿತು.

“ಸ್ವಾಮೀ, ನಾ ಏನ್ ಅರಸ ಅಲ್ಲ. ಹದಿನೈದು ಬ್ಯಾಡ, ಐದು ಕೊಟ್ರೂ ನಡೀತೈತಿ.”

ದೇವಕ್ಕ ಮಂಚದ ಪಕ್ಕ ಮೊಣಕಾಲೂರಿದಳು. ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು.

“ದೇವರ ಹಂತ್ಯಾಕ ಚೌಕಾಸಿ ಮಾಡಬ್ಯಾಡ್ರಿ,” ಎಂದಳು. “ಹದಿನೈದೂ ಕೇಳ್ರಿ.”