ಗುರುವಾರದ ಕೀಲಿ

ಎಂಟನೆಯ ಚಪಾತಿ ಲಟ್ಟಿಸುತ್ತಿದ್ದ ವಾರಿಜಾ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. ಮೇಲಿನ ಮನೆಯ ಜಯಂತಿ ನಿಂತಿದ್ದಳು.

“ಅಕ್ಕ, ನಾಳೆ ವ್ಯಾನ್ ನಿಮ್ಮದು, ಗೊತ್ತುಂಟು. ಇವರಿಗೆ ಹೋಟೆಲಿಗೆ ಸಾಮಾನು ತರ್ಲಿಕ್ಕಿತ್ತು. ನಿಮಗೆಂತ, ಹೊರಗೆ ಹೋಗ್ಲಿಕ್ಕಿಲ್ವಲ್ಲ?”

“ಸಂಜೆ ಇವ್ರು ಬರ್ಲಿ, ಕೇಳಿ ಹೇಳ್ತೀನಿ.”

“ಕೇಳ್ಲಿಕ್ಕೆಂತ ಉಂಟು? ಅಣ್ಣ ಇಲ್ಲ ಅನ್ನುವವರಾ?” ಜಯಂತಿ ನಗುತ್ತ ಮೆಟ್ಟಿಲು ಹತ್ತಿದಳು.

ಬೋಡಕ್‌ದೇವ್ ಬಡಾವಣೆಯ ಆ ಕಟ್ಟಡದ ಮೂರು ಕನ್ನಡ ಮನೆಗಳು ಸೇರಿ ಕೊಂಡ ಹಳೆಯ ಮಾರುತಿ ವ್ಯಾನ್ ಅದು. ಒಂದೊಂದು ಮನೆಗೆ ವಾರದಲ್ಲಿ ಎರಡು ದಿನ, ಗುರುವಾರ ವಾರಿಜಾಳ ಮನೆಯದು. ಅವಳ ಗಂಡನಿಗೆ ಎದೆನೋವು ಬಂದಾಗ ಹತ್ತೇ ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿಸಿದ್ದು ಅದೇ. ಆದರೆ ಕೇಳಿದವರಿಗೆಲ್ಲ ಗಂಡ ಕೊಟ್ಟುಬಿಡುತ್ತಿದ್ದುದರಿಂದ ಗುರುವಾರ ಒಮ್ಮೆಯೂ ಅವಳ ಪಾಲಿಗೆ ಉಳಿದಿರಲಿಲ್ಲ. ಅವಳಿಗೆ ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು. “ಹೈವೇ ನಿನ್ನ ಕೈಲಾಗಲ್ಲ ಬಿಡು” ಎಂದು ಗಂಡ ಹೇಳಿದ್ದರು.

ನಾಳೆ ವಡೋದರಾದಲ್ಲಿ ಮಗಳು ಕೃಪಾಳ ಮೊದಲ ಚಿತ್ರಪ್ರದರ್ಶನ. ರಜೆಯಲ್ಲಿ ಮನೆಯಲ್ಲೇ ಬರೆದ ಎದೆಯೆತ್ತರದ ಚಿತ್ರ ಹಾಲಿನ ಗೋಡೆಗೆ ಒರಗಿತ್ತು. ಬಸ್ಸಿನಲ್ಲಿ ಒಯ್ಯುವಂಥದ್ದಲ್ಲ, ಹತ್ತು ಗಂಟೆಯೊಳಗೆ ಫತೇಗಂಜ್‌ನ ಗ್ಯಾಲರಿ ತಲುಪದಿದ್ದರೆ ಅದಕ್ಕೆ ಅಲ್ಲಿ ಜಾಗವಿಲ್ಲ. “ಅಪ್ಪ ತರ್ತಾರೆ ತಾನೇ?” ಎಂದು ಕೃಪಾ ಎರಡು ಸಲ ಫೋನ್ ಮಾಡಿದ್ದಳು. ಅಪ್ಪನಿಗೆ ನಾಳೆ ಬ್ಯಾಂಕಿನಲ್ಲಿ ಆಡಿಟ್.

ವಾರಿಜಾ ಕೈ ತೊಳೆದಳು. ಮೊಳೆಯಲ್ಲಿದ್ದ ಕೀಲಿಯನ್ನು ತೆಗೆದು ಉದ್ದಿನಬೇಳೆಯ ಡಬ್ಬಿಯ ತಳಕ್ಕೆ ಒತ್ತಿ ಮುಚ್ಚಳ ಹಾಕಿದಳು. ಬೆಳಿಗ್ಗೆ ಐದಕ್ಕೆ ತಾನೇ ಓಡಿಸಿಕೊಂಡು ಹೊರಟರೆ ರಸ್ತೆ ಖಾಲಿ ಇರುತ್ತದೆ. ಸಂಜೆ ಯಾರನ್ನೂ ಕೇಳುವುದಿರಲಿಲ್ಲ.

ಒಂಬತ್ತನೆಯ ಉಂಡೆ ಎತ್ತಿಕೊಂಡಳು.