ಬಾರಿ ಎಲೆಯ ನೀರು

ಮುಳ್ಳು ಉಗುರಿನ ಬುಡಕ್ಕೇ ಹೊಕ್ಕಿತ್ತು. ಖುಶನುಮಾ ಆ ಬೆರಳನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಬಾರಿ ಗಿಡದ ಟೊಂಗೆಯನ್ನು ಬಗ್ಗಿಸಿ ಹಿಡಿದಳು. ನೆರೆಮನೆಯ ಸಿದ್ದವ್ವ ಎಲೆ ಹರಿದು ಬುಟ್ಟಿಗೆ ಹಾಕತೊಡಗಿದಳು.

"ಎಳೀ ಎಲಿ ಬ್ಯಾಡ ಆಯಿ," ಎಂದಳು ಖುಶನುಮಾ. "ಬಲತದ್ದು ಹರಿ. ಬಲತದ್ರಾಗ ನೊರಿ ಹೆಚ್ಚು."

"ಇದು ನಿಮ್ಮ ಕಾಲೇಜಿನ್ಯಾಗ ಕಲಿಸಿದ್ದೋ, ನಿಮ್ಮ ದಾದಿ ಹೇಳಿದ್ದೋ?"

"ಎರಡೂ."

ಖುಶನುಮಾ ಬಾಗಲಕೋಟೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಈ ಸೀಮೆಯ ಗುಡ್ಡ ಬಯಲುಗಳಲ್ಲಿ ಏನೇನು ಬೆಳೆಯುತ್ತದೆ, ಅವುಗಳಿಂದ ಯಾವ ಔಷಧ, ಯಾವ ಬಣ್ಣ, ಯಾವ ಎಣ್ಣೆ ತೆಗೆಯಬಹುದು ಎಂಬುದೇ ಅವಳ ಓದು. ಕಡೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಬಾರಿ, ಅಂದರೆ ಎಲಚಿ, ಎಲೆಯ ನೊರೆ. ರಜೆ ಸಿಕ್ಕಿತೆಂದು ನಿನ್ನೆ ಇಳಕಲ್ಲಿಗೆ ಬಂದಿದ್ದಳು. ಇವತ್ತು ಬೆಳಗಿನ ನಮಾಜಿಗೆ ದಾದಿ, ಅಂದರೆ ಅಪ್ಪನ ತಾಯಿ ಮಾಬುಬಿ, ಏಳಲಿಲ್ಲ. ಅಬ್ಬಾ ಹೋಗಿ ಭುಜ ಮುಟ್ಟಿದಾಗ ಮೈ ತಣ್ಣಗಾಗಿತ್ತು.

ಮಾಬುಬಿ ತೀರಿಕೊಂಡಳೆಂಬ ಸುದ್ದಿ ಓಣಿಗೆ ಹಬ್ಬುತ್ತಿದ್ದಂತೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಬಂತು. ಈಕೆಯನ್ನು ತೊಳೆಯುವವರು ಯಾರು? ಈ ಭಾಗದಲ್ಲಿ ಯಾವ ಮುಸಲ್ಮಾನ ಹೆಂಗಸು ಸತ್ತರೂ, ಬಾರಿ ಎಲೆಯ ನೀರಿನಲ್ಲಿ ಮೈ ತೊಳೆದು ಕಫನಿನ ಬಿಳಿ ಬಟ್ಟೆ ಉಡಿಸಲು ಇಷ್ಟು ವರ್ಷ ಕರೆಯುತ್ತಿದ್ದುದು ಮಾಬುಬಿಯನ್ನೇ. ಜೊತೆಗೆ ಹೋಗುತ್ತಿದ್ದವಳು ಹುಸೇನಬಿ. ಆಕೆಗೀಗ ಕೈ ನಡುಕ.

ಬುಟ್ಟಿ ತುಂಬಿಸಿಕೊಂಡು ಇಬ್ಬರೂ ಮನೆಗೆ ಬಂದಾಗ ಖುಶನುಮಾಳ ಅಬ್ಬಾ ಇಬ್ರಾಹಿಂಸಾಬ ಅಂಗಳದಲ್ಲಿ ಫೋನು ಹಿಡಿದು ನಿಂತಿದ್ದ.

"ಹುನಗುಂದದಾಗ ಮೈ ತೊಳಿಯಾಕಿ ಒಬ್ಬಾಕಿ ಅದಾಳಲ್ಲ, ಮಗಳ ಊರಿಗೆ ಹೋಗ್ಯಾಳಂತ. ಬರೂದು ಸಂಜಿ ಆಗ್ತೈತಿ," ಎಂದ.

ಹೊರಸಿನ ಮೇಲೆ ಕೂತಿದ್ದ ಹುಸೇನಬಿ ತಲೆಯಾಡಿಸಿದಳು. "ಅಷ್ಟೊತ್ತು ಇಡೂದು ಬ್ಯಾಡಪ್ಪ. ನನ್ನ ಕೈ ನೋಡು, ಒಂದು ತಂಬಿಗಿ ನೀರು ಎತ್ತಾಕ ಆಗೂದಿಲ್ಲ. ಬಾಯಿಲೆ ಹೇಳ್ತೇನಿ. ಮಾಡೋ ಕೈ ಬ್ಯಾರೆ ಬೇಕು."

ಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳುವುದಕ್ಕೆ ಎಲ್ಲರೂ ಬಂದಿದ್ದರು. ಮುಟ್ಟುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ.

"ನಾ ತೊಳಿತೇನಿ," ಎಂದಳು ಖುಶನುಮಾ.

ಇಬ್ರಾಹಿಂಸಾಬ ಫೋನನ್ನು ಕೆಳಗಿಳಿಸಿದ. "ನೀನ? ಬೇಟಾ, ನೀ ಆಕಿ ಕೈಲೆ ಕೊಟ್ಟ ನೀರು ಸೈತ ಕುಡೀತಿರಲಿಲ್ಲ."

"ಅದು ಆಗ, ಅಬ್ಬಾ."

*

ಖುಶನುಮಾ ಐದನೇ ಇಯತ್ತೆಯಲ್ಲಿದ್ದಾಗ ಅವಳ ತಾಯಿ ಜ್ವರ ಬಂದು ತೀರಿಕೊಂಡಳು. ಹಿತ್ತಲಲ್ಲಿ ಹಗ್ಗ ಕಟ್ಟಿ, ಸೀರೆಗಳನ್ನು ಇಳಿಬಿಟ್ಟು ಮರೆ ಮಾಡಿದ್ದರು. ಮಕ್ಕಳು ಒಳಗೆ ಬರಬಾರದೆಂದು ಅವಳನ್ನು ಹೊಸ್ತಿಲ ಮೇಲೆ ಕೂಡಿಸಿದ್ದರು. ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅದರ ನಡುನಡುವೆ ದಾದಿಯ ಸಣ್ಣ ದನಿ. ಮಾತು ತಿಳಿಯುತ್ತಿರಲಿಲ್ಲ. ದುವಾ ಓದುತ್ತಿರಬೇಕು ಎಂದುಕೊಂಡಿದ್ದಳು.

ಮರುದಿನ ಮುಂಜಾನೆ ದಾದಿ ಬಾಚಣಿಗೆ ಹಿಡಿದು ಅವಳ ಹಿಂದೆ ಬಂದು ಕೂತಳು. ಆ ಕೈಗಳಿಂದ ಕರ್ಪೂರದ ವಾಸನೆ ಇನ್ನೂ ಹೋಗಿರಲಿಲ್ಲ. ಬೆರಳು ತಲೆಗೆ ತಾಗಿದ್ದೇ ತಡ, ಹುಡುಗಿ ಚೀರಿಕೊಂಡು ಎದ್ದಳು.

"ಮುಟ್ಟಬ್ಯಾಡ! ನೀ ನನ್ನ ಮುಟ್ಟಬ್ಯಾಡ!"

ಮಾಬುಬಿ ಬೈಯಲಿಲ್ಲ, ರಮಿಸಲೂ ಇಲ್ಲ. ಬಾಚಣಿಗೆಯನ್ನೂ ಎಣ್ಣೆಯ ಬಾಟಲಿಯನ್ನೂ ಹೊಸ್ತಿಲ ಮೇಲಿಟ್ಟು ಸಿದ್ದವ್ವನನ್ನು ಕೂಗಿದಳು. ಅಂದಿನಿಂದ ಹುಡುಗಿಯ ಹೆಳಲು ಹಾಕಿದವಳು ಸಿದ್ದವ್ವ. ಮಗ್ಗದ ಹಾಸು ಹೂಡುವ ಕೆಲಸ ಬಿಟ್ಟು ದಿನಾ ಮುಂಜಾನೆ ಬರುತ್ತಿದ್ದಳು. ಮಾಬುಬಿ ಒಲೆಯ ಮುಂದೆ ಕೂತು ಆ ಕಡೆ ನೋಡದೆ ರೊಟ್ಟಿ ಬಡಿಯುತ್ತಿದ್ದಳು. ಮೊಮ್ಮಗಳು ಉಣ್ಣುವ ರೊಟ್ಟಿಯನ್ನು ಇಬ್ರಾಹಿಂಸಾಬನ ಕೈಯಿಂದ ಕೊಡಿಸುತ್ತಿದ್ದಳು.

ಹುಡುಗಿ ದೊಡ್ಡವಳಾದಂತೆ ಹೆದರಿಕೆ ಕಡಿಮೆಯಾಯಿತು. ಆದರೆ ಅವರಿಬ್ಬರ ನಡುವೆ ಒಂದು ಮೊಳದಷ್ಟು ದೂರ ಹಾಗೇ ಉಳಿದಿತ್ತು. ಯಾರೂ ಅದರ ಮಾತೆತ್ತುತ್ತಿರಲಿಲ್ಲ.

*

ಹೋದ ಚಳಿಗಾಲದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳು ಬಾದಾಮಿಯ ಗುಡ್ಡಗಳಿಗೆ ಹೋಗಿದ್ದರು. ಕೆಂಪು ಬಂಡೆಗಳ ನಡುವೆ ದಾರ ಕಟ್ಟಿ ಚೌಕ ಮಾಡಿ, ಒಳಗೆ ಬೆಳೆದ ಪ್ರತಿ ಸಸ್ಯವನ್ನೂ ಗುರುತಿಸುವುದು ಅವರ ಕೆಲಸ. ಬರಡು ಎಂದುಕೊಂಡಿದ್ದ ಒಂದು ಚಾಪೆಯಷ್ಟು ನೆಲದಲ್ಲಿ ಸಂಜೆಯವರೆಗೂ ಹೆಸರುಗಳು ಮುಗಿಯಲಿಲ್ಲ. ಮರಳುವಾಗ ಪ್ರಾಧ್ಯಾಪಕಿ ಬಸವೇಶ್ವರಿ ಮೇಡಂ ಹೇಳಿದರು, "ಪ್ರಾಜೆಕ್ಟಿಗೆ ದೂರದ್ದು ಹುಡುಕಬ್ಯಾಡ್ರಿ. ನಿಮ್ಮ ಮನಿ ಒಳಗ ಬಂದಿರೋ ಗಿಡಾ ಒಂದು ತಗೋರಿ."

ಖುಶನುಮಾಗೆ ಕೂಡಲೇ ಹೊಳೆದದ್ದು ಬಾರಿ ಗಿಡ. ಆ ಸೀರೆಗಳ ಮರೆಯಲ್ಲಿ ಸುರಿದ ನೀರಿನಲ್ಲಿ ಏನಿತ್ತೆಂದು ತಿಳಿಯಬೇಕಿತ್ತು.

ಎಲೆ ಕಳಿಸಿಕೊಡು ಎಂದು ಫೋನು ಮಾಡಿದರೆ, ಮಾಬುಬಿ ಕೈಚೀಲ ತುಂಬಿಕೊಂಡು ತಾನೇ ಬಸ್ಸು ಹತ್ತಿ ಬಾಗಲಕೋಟೆಗೆ ಬಂದುಬಿಟ್ಟಳು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಖುಶನುಮಾ ಗಾಜಿನ ನಳಿಕೆಯಲ್ಲಿ ಎಲೆಯ ಪುಡಿ, ನೀರು ಹಾಕಿ ಅಲುಗಿಸಿ ತೋರಿಸಿದಳು. ಬಿಳಿ ನೊರೆ ಎದ್ದು ಇಳಿಯದೆ ನಿಂತಿತು.

"ಇದರೊಳಗ ಸಪೋನಿನ್ ಅಂತ ಐತಿ ದಾದಿ. ಅದರ ಒಂದೊಂದು ಕಣಕ್ಕೂ ಎರಡು ಕೈ ಇದ್ಹಂಗ. ಒಂದು ಕೈ ಎಣ್ಣಿ ಹಿಡಿತೈತಿ, ಒಂದು ಕೈ ನೀರು ಹಿಡಿತೈತಿ. ಹಂಗಾಗಿ ಜಿಡ್ಡು ಬಿಡ್ತೈತಿ."

"ನೊರಿ ನಾ ಕಂಡೇನಿ. ಆ ಕೈ ಕಂಡಿರಲಿಲ್ಲ," ಎಂದು ಮಾಬುಬಿ ನಕ್ಕಳು.

ಆಗ ಮೇಡಂ ಒಂದು ಎಲೆಯನ್ನು ಬೆನ್ನು ಮೇಲಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು, "ಬರ್ರಿ ಅಮ್ಮಾ, ಒಂದು ಕಣ್ಣು ಮುಚ್ಚಿ ನೋಡ್ರಿ," ಎಂದರು.

ಮಾಬುಬಿ ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ. ಮೇಲೆ ಹಸಿರಾಗಿ ಹೊಳೆಯುವ ಆ ಎಲೆಯ ಕೆಳಮೈಗೆ ಬಿಳಿ ನವಿರು ಇದೆಯೆಂದು ಅವಳಿಗೆ ಗೊತ್ತಿತ್ತು. ಈಗ ಆ ನವಿರು ಹಿಂಜಿದ ಅರಳೆಯಾಗಿ, ಎಳೆಯ ಮೇಲೆ ಎಳೆ ಬಿದ್ದು, ನೇಯ್ದಂತೆ ಹಬ್ಬಿತ್ತು. ನಡುವೆ ಮೂರು ನರಗಳು ಬುಡದಿಂದ ಎದ್ದು ಹೊಲದ ಬದುಗಳಂತೆ ಹೋಗಿದ್ದವು.

"ಯಾ ಅಲ್ಲಾ," ಎಂದಳು ಕಡೆಗೂ. ದನಿ ಪಿಸುಗುಟ್ಟಿದಂತಿತ್ತು. "ಇದಕ್ಕ ಹುಟ್ಟಿಸೂ ಮೊದಲ ಬಿಳೀ ಬಟ್ಟಿ ಹೊದಿಸಿ ಕಳಿಸ್ಯಾನಲ್ಲ. ಇಷ್ಟು ವರ್ಷ ಕೈಯಾಗ ಹಿಚುಕೇನಿ. ಇದರ ಮೈ ನೋಡಿರಲಿಲ್ಲ ನಾ."

ಅವಳ ಕಣ್ಣು ತುಂಬಿತ್ತು. ಮೊಮ್ಮಗಳಿಗೆ ತನ್ನ ಹಿಂದೆ ನಿಂತ ಮೇಡಂ, ಸಹಪಾಠಿಗಳು ಯಾರೂ ನೆನಪಿರಲಿಲ್ಲ. ಸೂಕ್ಷ್ಮದರ್ಶಕದ ಪಕ್ಕ ಊರಿದ್ದ ಆ ಮುದುಕಿಯ ಕೈಯನ್ನು ಅವಳು ಮೊದಲ ಸಲ ತಾನಾಗಿ ಹಿಡಿದುಕೊಂಡಳು. ಅದು ಅಷ್ಟು ನುಣುಪಾಗಿರುತ್ತದೆ ಎಂದು ಅವಳು ಎಣಿಸಿರಲಿಲ್ಲ.

*

ಮಸೀದಿಯಿಂದ ತಂದ ಹಲಗೆಯ ಮೇಲೆ ಮಾಬುಬಿಯನ್ನು ಮಲಗಿಸಿದ್ದರು. ಕತ್ತಿನಿಂದ ಮೊಣಕಾಲಿನ ಕೆಳಗಿನವರೆಗೆ ಬಟ್ಟೆ ಹೊದಿಸಿತ್ತು. ಸುತ್ತ ಸೀರೆಯ ಮರೆ. ಎಲೆ ಕುದಿಸಿದ ನೀರನ್ನು ಹದಕ್ಕೆ ಆರಿಸಿ ಸಿದ್ದವ್ವ ಹೊರಗಿನಿಂದ ಸರಿಸುತ್ತಿದ್ದಳು. ಹುಸೇನಬಿ ಸ್ಟೂಲಿನ ಮೇಲೆ ಕೂತಿದ್ದಳು. ಓಣಿಯ ಒಬ್ಬ ಹೆಂಗಸು ಹೊರಳಿಸಲು ಒತ್ತಾಸೆಗೆ ನಿಂತಿದ್ದಳು.

"ಬಟ್ಟಿ ಸರೀಬಾರದು. ಬಲಗಡಿಯಿಂದ ಸುರು ಮಾಡು. ಮೆಲ್ಲಕ."

ಖುಶನುಮಾ ಎಲೆಯನ್ನು ಅಂಗೈಯಲ್ಲಿ ಹಿಚುಕಿ ನೀರಿಗೆ ಬಿಟ್ಟಳು. ನೊರೆ ಎದ್ದಿತು. ತಂಬಿಗೆ ಎತ್ತಿದಳು. ದಾದಿಯ ಬಲಗೈ ಹಿಡಿದಾಗ ಆ ತಂಪು ಅವಳ ಮೊಣಕೈವರೆಗೂ ಏರಿತು. ತಂಬಿಗೆ ಹಲಗೆಗೆ ಬಡಿದು ಸದ್ದಾಯಿತು. ಅವಳು ನಿಂತುಬಿಟ್ಟಳು.

"ಮಾತಾಡಸು," ಎಂದಳು ಹುಸೇನಬಿ.

"ಏನು?"

"ಆಕೀನ ಮಾತಾಡಸು. ನಿಮ್ಮ ದಾದಿ ಯಾರನ್ನೂ ಸುಮ್ಮಕ ತೊಳೀಲಿಲ್ಲ. ಎಲ್ಲಾರ ಕೂಡ ಮಾತಾಡತಿದ್ಲು. ನೀರು ಬೆಚ್ಚಗ ಅದಾವ ಯವ್ವಾ, ಜರಾ ಈ ಕಡೆ ಹೊಳ್ಳು, ಮುಗೀತು ಮುಗೀತು ಅಂತ. ಬಾಣಂತಿ ಸತ್ತಿದ್ರ ಆಕಿ ಕೂಸು ಹಾಲು ಕುಡೀತು ಅಂತ ಹೇಳತಿದ್ಲು."

ಖುಶನುಮಾ ತಿರುಗಿ ನೋಡಿದಳು. "ನಮ್ಮ ಅಮ್ಮಿ ಕೂಡ?"

"ಹೂಂ. ನಾನ ನೀರು ಕೊಡತಿದ್ದೆ ಅವತ್ತು."

"ಏನಂದ್ಲು ಖಾಲಾ?"

ಹುಸೇನಬಿ ನಡುಗುವ ಕೈಗಳನ್ನು ಮಡಿಲಲ್ಲಿ ಸೇರಿಸಿಕೊಂಡಳು. "ಮಗಳ ಚಿಂತಿ ಬಿಡು ಅಂದ್ಲು. ಆಕಿ ತಲಿ ನಾ ಬಾಚ್ತೇನಿ. ನನ್ನ ಕಂಡು ಹೆದರಿದ್ರ, ಹೆದರಿಕಿ ಹೋಗೂತನಾ ಕಾಯ್ತೇನಿ ಅಂದ್ಲು."

ಮರೆಯ ಆಚೆ ಸಿದ್ದವ್ವ ಮೂಗೊರೆಸಿಕೊಂಡದ್ದು ಕೇಳಿಸಿತು.

ಖುಶನುಮಾ ತಂಬಿಗೆಯನ್ನು ಮತ್ತೆ ಎತ್ತಿದಳು.

"ದಾದಿ," ಎಂದಳು. "ದಾದಿ, ನೀರು ಹದಾ ಅದಾವ. ನಾ ನೋಡೇನಿ. ಕೈ ಕೊಡು."

ಭುಜ, ತೋಳು, ಬೆರಳ ಸಂದು. ಆ ಮೈ ಇಷ್ಟು ಸಣ್ಣದೆಂದು ಅವಳಿಗೆ ಗೊತ್ತಿರಲಿಲ್ಲ. ಕತ್ತಿನ ಬುಡದ ಎಲುಬಿನ ಗುಳಿಯಲ್ಲಿ ನೊರೆ ನಿಂತಿತು. ಒಂದೊಂದು ಗುಳ್ಳೆಯಲ್ಲೂ ಹಿತ್ತಲ ಮೇಲಿನ ಆಕಾಶ ಒಂದೊಂದಾಗಿ ಮೂಡಿತ್ತು. ಅವಳಿಗೆ ಆ ಎರಡು ಕೈಗಳ ಕಣ ನೆನಪಾಯಿತು. ಅದರ ರಚನೆಯನ್ನು ಹಾಳೆಯ ಮೇಲೆ ಎಷ್ಟೋ ಸಲ ಬರೆದಿದ್ದಳು. ಈಗ ಅದು ಇಲ್ಲಿ, ಕಣ್ಣಿಗೆ ಕಾಣದೆ, ಅಸಂಖ್ಯವಾಗಿ, ಒಂದು ಕೈಯಿಂದ ಅವಳ ದಾದಿಯನ್ನೂ ಇನ್ನೊಂದು ಕೈಯಿಂದ ನೀರನ್ನೂ ಹಿಡಿದುಕೊಂಡಿತ್ತು. ಹಿಡಿದದ್ದನ್ನು ಮೆಲ್ಲಗೆ ಬಿಡಿಸಿ ಒಯ್ಯುತ್ತಿತ್ತು. ನೀರು ಹಲಗೆಯಿಂದ ಇಳಿದು, ಯಾರೂ ತುಳಿಯಬಾರದೆಂದು ತೋಡಿದ ಕುಣಿಯಲ್ಲಿ ಸೇರುತ್ತಿತ್ತು.

ಖುಶನುಮಾ ಮಾತಾಡುತ್ತಲೇ ಇದ್ದಳು. ಬಾದಾಮಿಯ ಗುಡ್ಡದಲ್ಲಿ ಕಂಡ ಹೂವಿನ ಸಂಗತಿ ಹೇಳಿದಳು. ಅಬ್ಬಾ ಮುಂಜಾನೆಯಿಂದ ಚಹಾ ಕುಡಿದಿಲ್ಲ, ಆಮೇಲೆ ನಾನೇ ಕುಡಿಸುತ್ತೇನೆ ಎಂದಳು. ಹೊರಳಿಸುವಾಗ, "ಮುಗೀತು, ಮುಗೀತು," ಎಂದಳು.

ಕಡೆಗೆ ಕರ್ಪೂರದ ನೀರು ಸುರಿದು ತಲೆಯ ಹತ್ತಿರ ಬಂದಳು.

"ಬಾಚಣಿಕಿ ಮುಟ್ಟಸಬಾರದು," ಎಂದಳು ಹುಸೇನಬಿ. "ಬರೇ ಬೆರಳಿಲೆ ಬಿಡಸು. ಎರಡು ಪಾಲು ಮಾಡಿ ಎದಿ ಮ್ಯಾಲೆ ತಾ."

ಬಿಳಿಗೂದಲು ಒದ್ದೆಯಾಗಿ ತೆಳ್ಳಗಿತ್ತು. ಖುಶನುಮಾ ಒಂದೊಂದೇ ಸಿಕ್ಕನ್ನು ಬೆರಳಿನಿಂದ ಬಿಡಿಸಿದಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಹುಸೇನಬಿ ಅವಸರ ಮಾಡಲಿಲ್ಲ.

*

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಓಣಿ ತುಂಬಿಹೋಗಿತ್ತು. ಹುನಗುಂದದಿಂದ, ಕೆರೂರಿನಿಂದ, ಕುಳಗೇರಿ ಕ್ರಾಸಿನಿಂದ ಹೆಂಗಸರು ಬಂದಿದ್ದರು. ತಾಯಿಯನ್ನು, ಅಕ್ಕನನ್ನು, ಸೊಸೆಯನ್ನು ಮಾಬುಬಿಯ ಕೈಗೆ ಒಪ್ಪಿಸಿ ಹೊರಗೆ ಕೂತು ಅತ್ತವರು ಅವರು. ಬಾಗಲಕೋಟೆಯಿಂದ ಬಸವೇಶ್ವರಿ ಮೇಡಂ, ಜೊತೆಗೆ ತರಗತಿಯ ಹುಡುಗಿಯರು ಬಂದಿದ್ದರು. ಜನಾಜ ಎದ್ದಾಗ ಹೆಂಗಸರೆಲ್ಲ ಮಾಳಿಗೆ ಹತ್ತಿದರು.

"ಇಷ್ಟು ಮಂದಿ," ಎಂದರು ಮೇಡಂ. ಖುಶನುಮಾಳ ಭುಜದ ಮೇಲೆ ಕೈಯಿಟ್ಟು ನಿಂತರು.

ಮೇಲಿನಿಂದ ನೋಡಿದರೆ ಹೊತ್ತವರು ಕಾಣುತ್ತಿರಲಿಲ್ಲ. ಹಸಿರು ಚಾದರ ಹೊದಿಸಿದ ಚಟ್ಟವೊಂದೇ ಟೋಪಿಗಳ, ರುಮಾಲುಗಳ ಮೇಲೆ ತಾನಾಗಿ ತೇಲಿದಂತೆ ಸಾಗುತ್ತಿತ್ತು. ಒಂದು ಹೆಗಲಿನಿಂದ ಇನ್ನೊಂದಕ್ಕೆ, ಎಲ್ಲಿಯೂ ನಿಲ್ಲದೆ.

ಓಣಿಯ ತಿರುವಿನಲ್ಲಿ ಇಬ್ರಾಹಿಂಸಾಬ ದುಡಿಯುವ ಗ್ರಾನೈಟ್ ಕಾರ್ಖಾನೆ. ಕಲ್ಲು ಕೊಯ್ಯುವ ಯಂತ್ರಗಳ ಕೂಗು ಒಮ್ಮೆಲೇ ನಿಂತಿತು. ಕೆಲಸಗಾರರು ಕೈ ಕೂಡ ತೊಳೆಯದೆ ಹೊರಗೆ ಓಡಿಬಂದರು. ಮಾಳಪ್ಪ, ಪಾಂಡಪ್ಪ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಜನ, ರೆಪ್ಪೆಯಿಂದ ಪಾದದವರೆಗೂ ಇಳಕಲ್ಲಿನ ಕೆಂಪು ಕಲ್ಲಿನ ಧೂಳು ಮೆತ್ತಿ ನಸುಗೆಂಪಾಗಿದ್ದರು. ಒಬ್ಬೊಬ್ಬರೇ ಮುಂದೆ ನುಗ್ಗಿ ಹೆಗಲು ಕೊಟ್ಟರು. ಹೆಗಲು ಸಿಗದವರು ಕೈ ಚಾಚಿ ಮುಟ್ಟಿದರು.

ಚಟ್ಟ ತಿರುವು ದಾಟಿ ಬಿಸಿಲಿಗೆ ಬಂದಾಗ ಹಸಿರು ಚಾದರದಲ್ಲಿ ಅವರು ಮುಟ್ಟಿದ ಮಗ್ಗುಲ ತುಂಬ ಅಂಗೈಗಳು ಮೂಡಿದ್ದವು. ಐದು ಬೆರಳೂ ಸ್ಪಷ್ಟವಾಗಿ, ಒಂದರ ಮೇಲೊಂದು, ನಸುಗೆಂಪು ಧೂಳಿನಲ್ಲಿ.